ಶುಕ್ರವಾರ ಒಡೆಯಬಾರದ ಒಲೆ

ನಾವು ಮೊದಲ ಒಲೆ ಕಟ್ಟಿದ್ದು ಯುಗಾದಿ ಕಳೆದ ಮೇಲಿನ ಬಿಸಿಲಿನಲ್ಲಿ. ಮುಂದಿನ ತೊಂದರೆಗೆಲ್ಲ ಅದೇ ಕಾರಣವಾಯಿತು. ಬೇಸಿಗೆಯಲ್ಲಿ ಅಡುಗೆಮನೆಯ ಶಾಖ ಹೊರಗೆ ಹೋದರೆ ಅದು ಎಲ್ಲಿಗೆ ಹೋಯಿತು ಎಂದು ಯಾರು ತಾನೇ ಹುಡುಕಿಕೊಂಡು ಹೋಗುತ್ತಾರೆ?

ಎಂಬತ್ತರ ದಶಕದ ಮೊದಲ ಭಾಗವದು. ನನ್ನವರಿಗೆ ಕೋಲಾರದ ಬ್ಯಾಂಕಿನಲ್ಲಿ ಕೆಲಸ. ಮಕ್ಕಳು ಶಾಲೆಗೆ ಹೊರಟರೆ ಸಂಜೆಯವರೆಗೆ ಮನೆ ನನ್ನದೇ. ನನಗೆ ಕಾನ್ವೆಂಟಿನಲ್ಲಿ ಪಾಠ ಹೇಳಿದ್ದ ಸಿಸ್ಟರ್ ಒಬ್ಬರು ಹುತ್ತೂರಿನ ಕಡೆಯ ಹಳ್ಳಿಯೊಂದರಲ್ಲಿ ಹೆಂಗಸರ ಸಂಘ ಶುರು ಮಾಡಿದ್ದರು. "ನಿನಗೆ ಅಡುಗೆ ಬರುತ್ತಲ್ಲ, ಅಷ್ಟು ಸಾಕು, ಬಾ" ಎಂದು ನನ್ನನ್ನು ಕರೆದರು. ನಾನು ಹೋಗಿ ಊರಿನ ದಾರಿ ಅಭ್ಯಾಸವಾಗುವಷ್ಟರಲ್ಲಿ ಅವರಿಗೆ ಬೇರೆ ಕಡೆಗೆ ವರ್ಗವಾಯಿತು. ಸಂಘ ನನ್ನ ಮಡಿಲಿಗೆ ಬಿತ್ತು. ಹಳ್ಳಿಯ ಹೆಂಗಸರು ನನ್ನನ್ನು 'ಬ್ಯಾಂಕಮ್ಮ' ಎನ್ನುತ್ತಿದ್ದರು. ಬ್ಯಾಂಕು ನನ್ನದಲ್ಲ, ನನ್ನ ಯಜಮಾನರದೂ ಅಲ್ಲ ಎಂದು ಎಷ್ಟು ಹೇಳಿದರೂ ಆ ಹೆಸರು ಹೋಗಲಿಲ್ಲ.

ಕಾರ್ಯಕ್ರಮದ ಹೆಸರು ಪರಿಸರ ಶಿಕ್ಷಣ. ಅಷ್ಟು ದೊಡ್ಡ ಹೆಸರಿಗೆ ಹೆದರಿ ನಾನು ಮೊದಲ ದಿನ ಕಾಡು, ಮೋಡ, ಮಳೆಗಳ ಚಿತ್ರಪಟಗಳನ್ನು ಸುತ್ತಿಕೊಂಡು ಹೋಗಿದ್ದೆ. ಕೆರೆ ಏರಿಯ ಮೇಲೆ ಕೂತ ಹೆಂಗಸರು ಅವನ್ನು ಮರ್ಯಾದೆಗೆ ನೋಡಿದರು. ಒಬ್ಬಾಕೆ ಪಟದ ಅಂಚಿನ ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ಅದು ಯಾವ ಅಂಗಡಿಯದೆಂದು ಕೇಳಿದಳು. ಪಟಗಳನ್ನು ಮಡಿಸಿಟ್ಟು, "ನಿಮ್ಮತ್ತೆ ಸೊಸೆಯಾಗಿ ಬಂದಾಗ ಸೌದೆ ಎಲ್ಲಿಂದ ತರ್ತಿದ್ರು?" ಎಂದು ಕೇಳಿದೆ. ಆಗ ಮಾತು ಹೊರಟಿತು. ಒಬ್ಬಳು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದಳು. ಆಗ ಹೊಂಗೆ, ಜಾಲಿ ಎಲ್ಲ ಏರಿಯ ಹಿಂದೆಯೇ ಇದ್ದವು. ಈಗ ಕಲ್ಲುಗುಡ್ಡ ದಾಟಿ ನೀಲಗಿರಿ ತೋಪಿನವರೆಗೆ ಹೋಗಬೇಕು. ಅಲ್ಲಿ ಕಾವಲುಗಾರ ಬೈದು ಓಡಿಸುತ್ತಾನೆ. ಹಿಂದೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, "ಹುಡುಕೋದೇನೈತೆ ಬಿಡಮ್ಮ, ಅದೆಲ್ಲ ನಮ್ಮ ಒಲೆಗೇ ಹೋಗಿದ್ದು" ಎಂದರು. ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ ಎನಿಸಿತು.

ಆ ಹೆಂಗಸಿನ ಸೊಸೆ ನಮ್ಮ ಸಂಘದ ಸದಸ್ಯೆ. ಈ ಬರಹದಲ್ಲಿ ನಾನು ಅವರಿಬ್ಬರನ್ನೂ ಅತ್ತೆ, ಸೊಸೆ ಎಂದೇ ಕರೆಯುತ್ತೇನೆ. ಅವರದು ರೇಷ್ಮೆ ಹುಳು ಮೇಯಿಸುವ ಮನೆ. ಹೊಲದಲ್ಲಿ ರಾಗಿ, ಅದರ ಪಕ್ಕ ಹಿಪ್ಪುನೇರಳೆ. ಸೊಸೆ ಏಳನೇ ತರಗತಿಯವರೆಗೆ ಓದಿದವಳು. ಮಾತು ಕಡಿಮೆ, ಕೈ ಚುರುಕು. ಸಂಘದಲ್ಲಿ ಇನ್ನೊಬ್ಬರು ಗಟ್ಟಿಗಿತ್ತಿ ಇದ್ದರು. ಗಾರೆ ಕೆಲಸಕ್ಕೆ ಹೋಗಿ ಕರಣೆ ಹಿಡಿಯುವುದನ್ನು ಕಲಿತಿದ್ದ ಆಕೆಯನ್ನು ನಾವೆಲ್ಲ ಗಾರೆ ಅಕ್ಕ ಎನ್ನುತ್ತಿದ್ದೆವು.

ಕಡಿಮೆ ಸೌದೆ ಸುಟ್ಟು ಹೊಗೆಯನ್ನು ಮನೆಯಾಚೆ ಕಳಿಸುವ ಒಲೆ ಕಟ್ಟುವುದಕ್ಕೆ ಬ್ಲಾಕ್ ಆಫೀಸಿನವರು ತರಬೇತಿ ಕೊಡುತ್ತಿದ್ದರು. ಖರ್ಚಿನಲ್ಲಿ ಒಂದು ಪಾಲು ಸರ್ಕಾರದ್ದು, ಒಂದು ಪಾಲು ಮನೆಯವರದು, ಕಟ್ಟುವವರಿಗೆ ಕೂಲಿ. ಇದನ್ನು ಸಂಘದ ಕಸುಬು ಮಾಡಿಕೊಳ್ಳೋಣ ಎಂದು ಗಾರೆ ಅಕ್ಕನೇ ಮೊದಲು ಹೇಳಿದ್ದು. "ಗಂಡಸರ ಹಿಂದೆ ಬಾಂಡ್ಲಿ ಹೊತ್ತಿದ್ದು ಸಾಕಮ್ಮ. ಒಲೆ ನಮ್ದು, ಅದನ್ನ ಕಟ್ಟೋಕೆ ಅವರ್ಯಾಕೆ?" ತರಬೇತಿಗೆ ಐದಾರು ಮಂದಿ ಹೋಗಿ ಬಂದರು. ಜೊತೆಗೆ ನಾನೂ ಹೋದೆ.

ಊರಿನಲ್ಲಿ ಮೊದಲ ಒಲೆ ಎಲ್ಲಿ ಕಟ್ಟಬೇಕೆಂಬ ಮಾತು ಬಂದಾಗ ಅತ್ತೆಯೇ ತೀರ್ಮಾನ ಕೊಟ್ಟರು. "ಊರೋರ ಮನೆ ಕೆಡಿಸೋ ಮುಂಚೆ ನಮ್ಮನೇಲಿ ಕಟ್ಟಲಿ ನಮ್ಮ ಸೊಸೆ. ಕೆಟ್ರೆ ನಮ್ಮಲ್ಲೇ ಕೆಡ್ಲಿ."

ಆ ಒಲೆ ಕಟ್ಟಿದ ಕ್ರಮ ಈಗಲೂ ಕೈಯಲ್ಲೇ ಇದೆ. ಕೆರೆಯ ಜೇಡಿಮಣ್ಣನ್ನು ಜರಡಿ ಹಿಡಿದು, ರಾಗಿ ಹೊಟ್ಟು, ಸಗಣಿ ಸೇರಿಸಿ ನೆನೆಹಾಕಬೇಕು. ದಿನವೂ ತುಳಿಯಬೇಕು. ಹುಳಿವಾಸನೆ ಬಂದ ಮೇಲೆ ಮಣ್ಣು ಹದಕ್ಕೆ ಬಂದಂತೆ. ಮರದ ಅಚ್ಚಿನೊಳಗೆ ಮಣ್ಣು ಗಿಡಿದು ತುಂಬಿ, ಮುಂದೆ ಉರಿಬಾಯಿ, ಮೇಲೆ ಎರಡು ಪಾತ್ರೆ ಕಣ್ಣು, ಒಂದರಿಂದ ಇನ್ನೊಂದಕ್ಕೆ ಬಾಳೆದಿಂಡು ಇಟ್ಟು ಸುರಂಗ ತೆಗೆಯುತ್ತಿದ್ದೆವು. ಉರಿಬಾಯಿಯೊಳಗೆ ಕಬ್ಬಿಣದ ಜಾಲರಿ, ಅದರ ಕೆಳಗೆ ಗಾಳಿಗೆ ದಾರಿ. ಹಿಂದುಗಡೆ ಸುಟ್ಟಮಣ್ಣಿನ ಕೊಳವೆಗಳನ್ನು ಒಂದರೊಳಗೊಂದು ಕೂರಿಸಿ ಹೆಂಚಿನ ಸಂದಿನಿಂದ ಮೇಲಕ್ಕೆ ಬಿಡುತ್ತಿದ್ದೆವು. ಕೊಳವೆಗಳು ಮಾಲೂರಿನಿಂದ ಬರುತ್ತಿದ್ದವು. ಹೆಂಚಿನ ಲಾರಿಯವನನ್ನು ಕಾಡಿ ಬೇಡಿ, ಹುಲ್ಲಿನೊಳಗೆ ಮಲಗಿಸಿ ತರಿಸುತ್ತಿದ್ದೆವು.

ಒಲೆ ಚೆನ್ನಾಗಿಯೇ ಉರಿಯಿತು. ಹಿಪ್ಪುನೇರಳೆಯ ಸೊಪ್ಪು ಹುಳಕ್ಕೆ ಹಾಕಿದ ಮೇಲೆ ಉಳಿಯುವ ಸಣ್ಣ ಕಡ್ಡಿಗಳಲ್ಲೇ ಮುದ್ದೆ, ಸಾರು ಎರಡೂ ಆಗುತ್ತಿದ್ದವು. ಅತ್ತೆಯ ಕಣ್ಣಲ್ಲಿ ನೀರು ಬರುವುದು ನಿಂತಿತು. "ಹೊಗೆ ಇಲ್ದೆ ಅಡುಗೆ ಮಾಡಿದಂಗೇ ಆಗಲ್ಲ" ಎಂದು ಗೊಣಗುತ್ತಲೇ, ನೆಂಟರು ಬಂದರೆ ಮೊದಲು ಅಡುಗೆಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಊರಿನ ಬಹಳ ಮನೆಗಳಿಗೆ ನಮ್ಮ ಒಲೆ ಬಂದಿತ್ತು. ಪಕ್ಕದ ಹಳ್ಳಿಗಳಿಂದಲೂ ಕೇಳುತ್ತಿದ್ದರು. ಬಸ್ಸಿನಲ್ಲಿ ಕೂತು ನಾನು ಒಬ್ಬಳೇ ನಗುತ್ತಿದ್ದೆ ಎಂದು ಕಂಡಕ್ಟರ್ ಒಮ್ಮೆ ಹೇಳಿದ್ದುಂಟು.

ಹೀಗಿರುವಾಗ ಧನುರ್ಮಾಸ ಬಂತು. ನಮ್ಮ ಕಡೆಯ ಚಳಿ ಒಣ ಚಳಿ. ಬೆಳಗಿನ ಬಸ್ಸಿನ ಕಿಟಕಿ ಮುಚ್ಚಿದರೂ ಮಂಡಿಯೊಳಗೆ ಹೋಗಿ ಕೂರುತ್ತದೆ. ಒಂದು ಗುರುವಾರ ನಾನು ಶಾಲು ಹೊದ್ದು ಆ ಮನೆಗೆ ಹೋದಾಗ ಸೊಸೆ ಅಂಗಳದಲ್ಲಿ ನಿಂತಿದ್ದಳು. ಅಳು ಮುಗಿಸಿ ಮುಖ ತೊಳೆದ ಗುರುತು ಕಿವಿಯ ಹಿಂದೆ ಒದ್ದೆಯಾಗಿ ಉಳಿದಿತ್ತು. "ಒಳಗೆ ಬಂದು ನೋಡಿ ಬ್ಯಾಂಕಮ್ಮ" ಎಂದು ಹುಳುಮನೆಯ ಬಾಗಿಲು ತೆಗೆದಳು.

ಹುಳುಮನೆ ಎಂದರೆ ಬೇರೆ ಮನೆಯಲ್ಲ, ಅಡುಗೆಮನೆಯ ಪಕ್ಕದ ಕೋಣೆ. ಎರಡಕ್ಕೂ ನಡುವೆ ಒಂದೇ ಮಣ್ಣಿನ ಗೋಡೆ. ಒಳಗೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು. ಹುಳು ಸೊಪ್ಪು ತಿನ್ನುವಾಗ ಸಣ್ಣ ಮಳೆ ಹುಯ್ದಂಥ ಸದ್ದು ಅಲ್ಲಿ ಯಾವಾಗಲೂ ಇರುತ್ತಿತ್ತು. ಆ ದಿನ ಸದ್ದಿಲ್ಲ. ಹಾಕಿದ ಸೊಪ್ಪು ತಟ್ಟೆಯಲ್ಲೇ ಬಾಡಿ ಅಂಚು ಮುದುಡಿತ್ತು. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ತಲೆಯೆತ್ತಿ ಸುಮ್ಮನಿದ್ದು ಪೊರೆ ಕಳಚುತ್ತದೆ. ಇದನ್ನು ಊರವರು ಜ್ವರ ಎನ್ನುತ್ತಾರೆ. ಮೂರನೇ ಜ್ವರಕ್ಕೆ ಕೂತ ಹುಳುಗಳಿಗೆ ಜ್ವರ ಬಿಡಬೇಕಾದ ಹೊತ್ತು ಕಳೆದರೂ ಪೂರ್ತಿ ಬಿಟ್ಟಿರಲಿಲ್ಲ. ಕೆಲವು ಎದ್ದಿದ್ದವು, ಕೆಲವು ಕೂತೇ ಇದ್ದವು. ಎದ್ದವಕ್ಕೆ ಸೊಪ್ಪು ಹಾಕಿದರೆ ಕೂತವು ಅದರಡಿ ಸಿಕ್ಕಿ ಕೊಳೆಯುತ್ತವೆ. ಹಾಕದಿದ್ದರೆ ಎದ್ದವು ಹಸಿದು ಸಾಯುತ್ತವೆ.

ಅತ್ತೆ ತಟ್ಟೆಯ ಮೇಲೆ ಅಂಗೈಯನ್ನು ತಾಗಿಯೂ ತಾಗದಂತೆ ಹಿಡಿದು ನಿಂತಿದ್ದರು. ನನ್ನತ್ತ ತಿರುಗದೆಯೇ ಮಾತಾಡಿದರು.

"ಕೋಣೆ ಮುಟ್ಟಿ ನೋಡಮ್ಮ. ಬಾವಿ ಕಲ್ಲು ಇದ್ದಂಗೈತೆ. ಮೂರು ಕಲ್ಲಿನ ಒಲೆ ಇದ್ದಾಗ ಇಡೀ ದಿನ ಕೆಂಡ ಇರ್ತಿತ್ತು. ಗೋಡೆ ಬೆಚ್ಚಗಿರ್ತಿತ್ತು. ಹುಳ ತಾನೇ ಏಳ್ತಿತ್ತು. ಈಗ ನೋಡು, ಅಡುಗೆ ಆಯ್ತು ಅಂದ್ರೆ ಒಲೆ ಹೆಣ ಇದ್ದಂಗೆ."

"ಒಂದು ಕೆಂಡದ ಬಾಣಲೆ ಒಳಗಿಟ್ರೆ ಆಗಲ್ವಾ?" ಎಂದೆ.

"ಇಟ್ಟಿದ್ದೀನಿ ಮೂರು ದಿವಸದಿಂದ. ಆ ಇದ್ದಿಲಿಗೆ ಸೌದೆ ಎಲ್ಲಿಂದ ಬಂತು ಅಂತ ನಿನ್ನ ಸಂಘದೋರನ್ನೇ ಕೇಳು. ನೀನು ಉಳಿಸಿದ್ದೆಲ್ಲ ಬಾಣಲೇಲಿ ಹೋಯ್ತು."

ನಾವು ಯಾರೂ ಇದನ್ನು ಯೋಚಿಸಿರಲಿಲ್ಲ. ತರಬೇತಿ ಕೊಟ್ಟವರೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಹುಳುವಿನ ಜೊತೆ ಬೆಳೆದ ಮನೆಯವರಿಗೂ ಹೊಳೆದಿರಲಿಲ್ಲ. ಹಳೆಯ ಒಲೆ ಹೊಗೆಯ ಜೊತೆ ಶಾಖವನ್ನೂ ಚೆಲ್ಲುತ್ತಿತ್ತು. ಆ ಚೆಲ್ಲಿದ ಶಾಖವೇ ಚಳಿಗಾಲದಲ್ಲಿ ಹುಳುವಿನ ಹೊದಿಕೆ. ನಾವು ಒಲೆಗೆ ಮುಚ್ಚಳ ಹಾಕಿದಂತೆ ಮಾಡಿ ಹೊದಿಕೆಯನ್ನು ಎಳೆದುಕೊಂಡಿದ್ದೆವು.

ಅತ್ತೆ ಸೊಸೆಯತ್ತ ತಿರುಗಿದರು. "ನೋಡೇ, ನಾಳೆ ಶುಕ್ರವಾರ, ಒಲೆ ಒಡೀಬಾರ್ದು. ನಾಡಿದ್ದು ಬೆಳಿಗ್ಗೆ ಇದನ್ನ ಒಡೆಸಿ ಮೂರು ಕಲ್ಲು ಇಡಿಸ್ತೀನಿ. ಒಲೆ ಜೊತೆಗೇ ನಿನ್ನ ಸಂಘಾನೂ ಮುಗೀತು. ಇನ್ಮೇಲೆ ಮಣ್ಣು ತುಳಿಯೋದಿದ್ರೆ ನಮ್ಮ ಹೊಲದಲ್ಲಿ ತುಳಿ."

ಸೊಸೆ ಸೊಪ್ಪಿನ ಬುಟ್ಟಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತಳು. ಅವಳು ಹೋದರೆ ಸಂಘದಲ್ಲಿ ಸುರಂಗವನ್ನು ಬಿರುಕಿಲ್ಲದೆ ತೆಗೆಯುವ ಕೈ ಹೋದಂತೆ. ಮೊದಲ ಒಲೆಯೇ ಒಡೆಯಿತೆಂದರೆ ಮಿಕ್ಕ ಹುಳುಮನೆಗಳ ಒಲೆಗಳೂ ಅದೇ ವಾರ ಒಡೆಯುತ್ತವೆ. ಅದಕ್ಕಿಂತ ನನಗೆ ಹೆಚ್ಚು ಬೇಸರವಾದದ್ದು ಬೇರೆ. ಆ ಹುಡುಗಿಗೆ ಹೊಲ, ಹುಳು, ಮನೆ ಬಿಟ್ಟು ತನ್ನದು ಎಂದು ಇದ್ದದ್ದು ಅದೊಂದು ಕಸುಬು.

ಹಿತ್ತಲಿಗೆ ಬಂದು ನಿಂತೆ. ಒಳಗೆ ಮಧ್ಯಾಹ್ನದ ಸಾರು ಕುದಿಯುತ್ತಿತ್ತು. ಹೆಂಚಿನ ಮೇಲೆ ನಮ್ಮ ಹೊಗೆ ಕೊಳವೆಗೆ ಒತ್ತಿಕೊಂಡು ಒಂದು ಕಂದು ಬೆಕ್ಕು ಮಲಗಿತ್ತು. ಸಾಮಾನ್ಯ ನಿದ್ದೆಯಲ್ಲ ಅದು, ನಾಲ್ಕೂ ಕಾಲು ಚಾಚಿ, ಹೊಟ್ಟೆಯನ್ನು ಕೊಳವೆಗೆ ಕೊಟ್ಟು ಮಲಗಿದ ಸುಖನಿದ್ದೆ. ನಾನು ಕಟ್ಟೆ ಹತ್ತಿ ಕೈ ಚಾಚಿ ಕೊಳವೆ ಮುಟ್ಟಿದೆ. ಚುರ್ ಎಂದಿತು.

ಒಳಗೆ ಬಂದು, "ಅಮ್ಮ, ನಿಮ್ಮ ಹುಳದ ಬಿಸಿ ಎಲ್ಲಿದೆ ಅಂತ ಗೊತ್ತಾಯ್ತು" ಎಂದು ಅತ್ತೆಯನ್ನು ಹೊರಗೆ ಕರೆದು ಬೆಕ್ಕು ತೋರಿಸಿದೆ.

ಅವರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಥೂ ಹಾಳಾದ್ದೆ! ನಮ್ಮ ಸೌದೇಲಿ ಚಳಿ ಕಾಯಿಸ್ಕೊಂಡು ಮಹಾರಾಣಿ ಥರ ಬಿದ್ದೈತಲ್ಲ."

ಅಷ್ಟರಲ್ಲಿ ಸೊಸೆಯೂ ಬಂದಳು. ಕೊಳವೆಯನ್ನೂ ಗೋಡೆಯನ್ನೂ ಹುಳುಮನೆಯ ಮೂಲೆಯನ್ನೂ ಒಮ್ಮೆ ನೋಡಿದಳು. "ಕೊಳವೇನ ಇಲ್ಲೇ ಮೇಲಕ್ಕೆ ಬಿಡೋ ಬದಲು ಗೋಡೆ ತೂತು ಮಾಡಿ ಹುಳುಮನೆ ಒಳಗೆ ಓಡಿಸಿ ಆಮೇಲೆ ಹೊರಗೆ ಬಿಟ್ರೆ?"

"ಹುಳದ ಕೋಣೆಗೆ ಹೊಗೆ ಬಿಡ್ತೀಯಾ? ಬುದ್ಧಿ ನೆಟ್ಟಗೈತಾ?" ಎಂದರು ಅತ್ತೆ.

"ಹೊಗೆ ಕೊಳವೆ ಒಳಗೇ ಇರುತ್ತೆ ಅತ್ತೆ. ಮೇಲೆ ಮಣ್ಣಿನ ಕಟ್ಟೆ ಕಟ್ತೀನಿ. ಶಾಖ ಮಾತ್ರ ಕಟ್ಟೆಗೆ ಬರುತ್ತೆ."

ಸಂಜೆಗೆ ಗಾರೆ ಅಕ್ಕನನ್ನು ಕರೆಸಿದೆವು. ಅಕ್ಕ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಆಗುತ್ತದೆ ಎಂದರು. ಆದರೆ ಕೆಲಸ ಮಾಡುವುದಕ್ಕೆ ಇದ್ದದ್ದು ಶುಕ್ರವಾರ ಒಂದೇ ದಿನ. ಅತ್ತೆ ಒಪ್ಪಲಿಲ್ಲ. "ಶುಕ್ರವಾರ ಒಲೆಗೆ ಕೈ ಹಚ್ಚೋ ಹಾಗಿಲ್ಲ. ಲಕ್ಷ್ಮಿ ಕೂತಿರ್ತಾಳೆ."

ಗಾರೆ ಅಕ್ಕ ಎಲೆಯಡಿಕೆಗೆ ಕೈ ಚಾಚುತ್ತ, "ಒಲೆ ಯಾರು ಮುಟ್ತಾರೆ ದೊಡ್ಡಮ್ಮ? ಲಕ್ಷ್ಮೀನ ಏಳಿಸಲ್ಲ. ನಾವು ಮುಟ್ಟೋದು ಗೋಡೆ. ಗೋಡೆಗ್ಯಾವ ಶುಕ್ರವಾರ?" ಎಂದರು.

ಅತ್ತೆ ಯೋಚಿಸಿ ಒಂದು ಷರತ್ತಿನ ಮೇಲೆ ಒಪ್ಪಿದರು. ಒಲೆಯ ಮೈಯಿಂದ ಒಂದು ಹಿಡಿ ಮಣ್ಣೂ ಉದುರಬಾರದು. ಉದುರಿದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಈ ಷರತ್ತು ನಮಗೆ ತೊಡಕು ಎನಿಸಿದರೂ ಅದರಿಂದ ಒಳ್ಳೆಯದೇ ಆಯಿತು. ಕೈ ಹಚ್ಚುವ ಹಾಗಿದ್ದಿದ್ದರೆ ನಾವು ಗಾಬರಿಯಲ್ಲಿ ಉರಿಬಾಯಿ ದೊಡ್ಡದು ಮಾಡಿ, ಸುರಂಗ ಅಗಲ ಮಾಡಿ ಒಲೆಯನ್ನೇ ಕೆಡಿಸುತ್ತಿದ್ದೆವೇನೋ. ಈಗ ಯೋಚನೆಯೆಲ್ಲ ಒಲೆಯ ಹಿಂದಿನಿಂದ ಶುರುವಾಗಬೇಕಾಯಿತು.

ಶುಕ್ರವಾರ ಮೊದಲ ಬಸ್ಸಿಗೆ ಹೋದೆ. ಮನೆಯ ಗಂಡಸರು ಹುಳುವಿನ ತಟ್ಟೆಗಳನ್ನು ಪಡಸಾಲೆಗೆ ಸಾಗಿಸಿ, ಸುತ್ತ ಹಳೆಯ ಸೀರೆ ಕಟ್ಟಿ, ನಡುವೆ ಕೆಂಡದ ಬಾಣಲೆ ಇಟ್ಟಿದ್ದರು. ಅತ್ತೆ ಸ್ನಾನ ಮಾಡಿ ಒಲೆಗೆ ಅರಿಸಿನ ಕುಂಕುಮ ಇಟ್ಟು, ಅದರ ಮುಂದೆಯೇ ಮಣೆ ಹಾಕಿಕೊಂಡು ಕಾವಲು ಕೂತರು. ಗಾರೆ ಅಕ್ಕ ಹಿಂದಿನ ಕೊಳವೆಯನ್ನು ಕೂಸನ್ನು ಎತ್ತಿದಂತೆ ಬಿಡಿಸಿದರು. ಮಣ್ಣು ಉದುರಲಿಲ್ಲ. ಗೋಡೆಯಲ್ಲಿ ತೂತು ಕೊರೆದು ಮೊಣಕಾಲೆತ್ತರದಲ್ಲಿ ಕೊಳವೆ ದಾಟಿಸಿದೆವು. ಬೇರೆ ಊರಿಗೆಂದು ತರಿಸಿಟ್ಟಿದ್ದ ಮಾಲೂರಿನ ಕೊಳವೆಗಳು ಸಂಘದಲ್ಲೇ ಇದ್ದವು. ಗೋಡೆಯ ಉದ್ದಕ್ಕೂ ಮಲಗಿಸಿ, ಮೂಲೆಯಲ್ಲಿ ತಿರುಗಿಸಿ ಮೇಲೆತ್ತಿ ಹೆಂಚಿನಾಚೆ ಬಿಟ್ಟೆವು.

ಉರಿ ಹಚ್ಚಿದ ಕೂಡಲೇ ಹೊಗೆಯೆಲ್ಲ ಉರಿಬಾಯಿಯಿಂದ ಅತ್ತೆಯ ಮುಖಕ್ಕೇ ಬಂತು.

"ಬಂದ್ಲಮ್ಮ ಲಕ್ಷ್ಮಿ!" ಎಂದರು ಅವರು ಕೆಮ್ಮುತ್ತ.

ಕೊಳವೆ ಉದ್ದ ಮಲಗಿದ್ದರಿಂದ ಹೊಗೆ ಅರ್ಧ ದಾರಿಯಲ್ಲೇ ತಣ್ಣಗಾಗಿ ಏಳಲಾರದೆ ಹಿಂದಿರುಗುತ್ತಿತ್ತು. ಬಿಚ್ಚಿದೆವು. ಅಡ್ಡ ಕೊಳವೆಯನ್ನು ಅರ್ಧಕ್ಕೆ ಮೊಟಕು ಮಾಡಿ, ದೂರದ ಮೂಲೆಯ ಬದಲು ಹತ್ತಿರದ ಮೂಲೆಯಲ್ಲೇ ಮೇಲೆತ್ತಿದೆವು. ಒಲೆಯಿಂದ ಮೂಲೆಯ ಕಡೆಗೆ ಸ್ವಲ್ಪ ಏರುವಂತೆ ಕೆಳಗೆ ಇಟ್ಟಿಗೆ ಚೂರು ಕೊಟ್ಟೆವು. ಹೊರಗಿನ ನೆಟ್ಟ ಕೊಳವೆಗೆ ಇನ್ನೊಂದು ತುಂಡು ಸೇರಿಸಿ ಎತ್ತರಿಸಿದೆವು. ಇಷ್ಟಾದರೂ ಹೊಗೆ ಅನುಮಾನಿಸಿಯೇ ಹೋಗುತ್ತಿತ್ತು. ಆಗ ನನಗೆ ನಮ್ಮ ಮನೆಯ ಹಂಡೆಯ ಒಲೆ ನೆನಪಾಯಿತು. ತಣ್ಣಗಿರುವಾಗ ಅದೂ ಹೀಗೆಯೇ ಹಟ ಮಾಡುತ್ತದೆ. ಮೂಲೆಯಲ್ಲಿ ಮಸಿ ತೆಗೆಯಲೆಂದು ಬಿಟ್ಟಿದ್ದ ಕಿಂಡಿಯೊಳಗೆ ಒಂದು ಹಿಡಿ ಒಣ ತೆಂಗಿನ ಗರಿ ಹಚ್ಚಿ ನೆಟ್ಟ ಕೊಳವೆಯನ್ನು ಮೊದಲು ಬಿಸಿ ಮಾಡಿ ಎಂದೆ. ಗರಿ ಭುಗ್ ಎಂದಿತು. ಕಿಂಡಿ ಮುಚ್ಚಿದೆವು. ಒಲೆಯ ಉರಿ ಒಮ್ಮೆಲೇ ಹಿಂದಕ್ಕೆ ಬಾಗಿತು. ಉರಿಬಾಯಿಯ ಎದುರು ಹಿಡಿದ ನನ್ನ ಸೆರಗಿನ ತುದಿಯೂ ಒಳಕ್ಕೆ ಎಳೆದಂತಾಯಿತು. ಗಾರೆ ಅಕ್ಕ ಎರಡೂ ಕೈ ಎತ್ತಿ ಹೆಂಚಿಗೆ ನಮಸ್ಕಾರ ಮಾಡಿದರು.

ಉಳಿದದ್ದು ಒಂದೇ ಭಯ. ಕೊಳವೆಯ ಕೂಡಿಕೆಗಳಲ್ಲಿ ಎಲ್ಲಾದರೂ ಹೊಗೆ ಸೋರಿದರೆ ಚಳಿಯಿಂದ ಉಳಿದ ಹುಳು ಹೊಗೆಯಿಂದ ಸಾಯುತ್ತದೆ. ಕಣ್ಣಿಗೆ ಕಾಣದ ಸೋರಿಕೆಯನ್ನು ಹಿಡಿಯುವುದು ಹೇಗೆ? ಸೊಸೆ ಡಬ್ಬಿಯಿಂದ ಒಣಮೆಣಸಿನಕಾಯಿ ತಂದಳು. "ಅತ್ತೆ, ನೀವು ಹುಳುಮನೇಲಿ ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ. ನಾನು ಒಲೆಗೆ ಮೆಣಸಿನಕಾಯಿ ಹಾಕ್ತೀನಿ. ಘಾಟು ಬಂದ್ರೆ ಹೇಳಿ."

"ಅತ್ತೇನ ಕೋಣೇಲಿ ಕೂಡಿ ಮೆಣಸಿನಕಾಯಿ ಹೊಗೆ ಹಾಕ್ತಾವ್ಳೆ ನೋಡ್ರಮ್ಮ, ಎಲ್ಲಾರೂ ಸಾಕ್ಷಿ!" ಎಂದು ಅತ್ತೆ ಬಾಗಿಲಲ್ಲಿ ನೆರೆದಿದ್ದವರಿಗೆ ಹೇಳಿದರೂ ಎದ್ದು ಒಳಗೆ ಹೋದರು. ತಮಗಿಂತ ಚುರುಕು ಮೂಗು ಊರಲ್ಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಮೆಣಸಿನಕಾಯಿ ಸಿಡಿಯಿತು. ಕ್ಷಣ ಕಳೆಯಿತು. ಒಳಗಿನಿಂದ ಬಾಗಿಲು ಅದುರುವಂಥ ಸೀನು. ಆಮೇಲೆ ಮತ್ತೊಂದು. "ಮೂಲೆ! ಮೂಲೇಲಿ ಬರ್ತೈತೆ!"

ಮೂಲೆಯ ಕೂಡಿಕೆಗೆ ಬಟ್ಟೆಪಟ್ಟಿ ಸುತ್ತಿ ಜೇಡಿ ಮೆತ್ತಿದೆವು. ಎರಡನೆಯ ಸಲ ಒಂದೇ ಸೀನು, ಅದೂ ಸಣ್ಣದು. ಗೋಡೆ ದಾಟುವ ಕಡೆ ಕೂದಲೆಳೆ ಬಿರುಕು ಸಿಕ್ಕಿತು. ಅದನ್ನೂ ಮೆತ್ತಿ ಮೂರನೆಯ ಸಲ ಮೆಣಸಿನಕಾಯಿ ಹಾಕಿದೆವು. ಸದ್ದೇ ಇಲ್ಲ. ಸೊಸೆ ಹೆದರಿ ಬಾಗಿಲು ತಳ್ಳಿದರೆ ಅತ್ತೆ ಬಿಸಿ ಕೊಳವೆಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. "ಯಾಕೆ ತೆಗೆದೆ? ಚಳಿ ಬರುತ್ತೆ, ಹಾಕು" ಎಂದರು.

ಕೊಳವೆಯ ಮೇಲೆ ಮಣ್ಣಿನ ಕಟ್ಟೆ ಕಟ್ಟಿ, ಅದು ಒಣಗುವವರೆಗೆ ಸಣ್ಣ ಉರಿ ಇಟ್ಟು, ಕೋಣೆಯ ಗಾಳಿ ಒಣಗದಿರಲೆಂದು ಒದ್ದೆ ಗೋಣಿಚೀಲ ತೂಗುಹಾಕಿದೆವು. ಸಂಜೆ ತಟ್ಟೆಗಳು ಒಳಗೆ ಹೋದವು. ನಾನು ಕೊನೆಯ ಬಸ್ಸು ಹಿಡಿದೆ. ಕೈಯಲ್ಲಿ ಸಗಣಿಮಣ್ಣಿನ ವಾಸನೆ, ಸೀರೆಯಲ್ಲಿ ಮೆಣಸಿನ ಘಾಟು. ಪಕ್ಕ ಕೂತವರು ಸೀನಿ ಎದ್ದು ಹೋದರು.

ಶನಿವಾರ ನಾನು ಹೋದಾಗ ಒಲೆ ಇತ್ತು. ಹುಳು ಇನ್ನೂ ಪೂರ್ತಿ ಎದ್ದಿರಲಿಲ್ಲ. ಅತ್ತೆ ಒಡೆಯುವ ಮಾತೂ ಆಡಲಿಲ್ಲ, ಇರಲಿ ಎಂದೂ ಹೇಳಲಿಲ್ಲ. ಸೋಮವಾರ ಅಂಗಳಕ್ಕೆ ಕಾಲಿಡುತ್ತಲೇ ಬಾಗಿಲ ಸಂದಿನಿಂದ ಆ ಸಣ್ಣ ಮಳೆಯ ಸದ್ದು ಕೇಳಿತು. ಸೊಸೆ ಸೊಪ್ಪು ಹರಡುತ್ತಿದ್ದಳು. ನನ್ನನ್ನು ನೋಡಿ ಬರೀ ತಲೆಯಾಡಿಸಿದಳು. ತಡವಾಗಿ ಎದ್ದ ಹುಳುಗಳನ್ನು ಬೇರೆ ತಟ್ಟೆಗೆ ತೆಗೆದು ಅವಕ್ಕೆ ಎಳೆ ಸೊಪ್ಪು ಹೆಚ್ಚಿ ಹಾಕುತ್ತಿದ್ದಳು. ಒಂದಷ್ಟು ಹುಳು ಹೋದವು ನಿಜ. ಉಳಿದವು ನಾಲ್ಕನೇ ಜ್ವರವನ್ನು ಹೊತ್ತಿಗೆ ಸರಿಯಾಗಿ ದಾಟಿ, ಮೇವು ಬಿಟ್ಟು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ಚಾಪೆಯ ಮೇಲೆ ಗೂಡು ಕಟ್ಟಿದವು. ಹೇಳಿಕೊಳ್ಳುವಂಥ ಬೆಳೆಯಲ್ಲ. ಕೈಬಿಟ್ಟ ಬೆಳೆಯೂ ಅಲ್ಲ.

ಬ್ಲಾಕ್ ಆಫೀಸಿನ ಅಧಿಕಾರಿಯೊಬ್ಬರು ಒಲೆ ನೋಡಲು ಬಂದದ್ದು ಆಮೇಲೆ. ಒಳ್ಳೆಯವರೇ. ಚಪ್ಪಲಿ ಹೊರಗೆ ಬಿಟ್ಟು ಬಂದು, ಕಟ್ಟೆ ಮುಟ್ಟಿ ನೋಡಿ, ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು. ಆಮೇಲೆ ನಿಟ್ಟುಸಿರಿಟ್ಟರು. "ಕೊಳವೆ ನೇರ ಮೇಲಕ್ಕೇ ಹೋಗ್ಬೇಕಮ್ಮ. ನಕ್ಷೆಯಲ್ಲಿ ಹಾಗಿದೆ. ಅಡ್ಡ ಮಲಗಿಸಿದ್ದಕ್ಕೆ ನಾನೇನಂತ ಬರೀಲಿ?"

"ಬೆಚ್ಚಗೈತೆ ಅಂತ ಬರೀರಿ" ಎಂದರು ಅತ್ತೆ.

ಅವರು ನಕ್ಕರು. ಆದರೆ ಅಡ್ಡ ಕೊಳವೆಯ ಒಲೆಗೆ ಸರ್ಕಾರದ ಪಾಲು ಬರುವುದಿಲ್ಲ ಎಂಬುದನ್ನು ಮಾತ್ರ ಬದಲಿಸಲಿಲ್ಲ. ಮೇಲಿನವರಿಗೆ ತಿಳಿಸುತ್ತೇನೆ, ಅಲ್ಲಿಯವರೆಗೆ ನಕ್ಷೆಯಂತೆ ಕಟ್ಟಿ ಎಂದು ಹೇಳಿ ಜೀಪು ಹತ್ತಿದರು.

ಅವರು ಹೋದ ಮೇಲೆ ಅದೇ ಮನೆಯ ಪಡಸಾಲೆಯಲ್ಲಿ ಸಂಘದವರು ಕೂತರು. ಸುತ್ತಲ ಹಳ್ಳಿಗಳಲ್ಲಿ ನಮಗೆ ಬಂದಿದ್ದ ಕೆಲಸದಲ್ಲಿ ಬಹುಪಾಲು ರೇಷ್ಮೆ ಮನೆಗಳದ್ದೇ. ಗಾರೆ ಅಕ್ಕನ ಬಳಿ ಸುಲಭದ ಉಪಾಯವಿತ್ತು. "ಸಾಹೇಬ್ರು ಬಂದಾಗ ನೇರ. ಜೀಪು ತಿರುಗಿದ ಮೇಲೆ ಅಡ್ಡ. ಏನೀಗ?" ಎಲ್ಲರೂ ನಕ್ಕರು. ಆ ಉಪಾಯ ಕೆಲವರಿಗೆ ಹಿಡಿಸಿತು.

ಯಾವಾಗಲೂ ಗೋಡೆಗೆ ಒರಗಿ ಕೇಳುತ್ತ ಕೂರುವ ಸೊಸೆ ಆ ದಿನ ಮುಂದೆ ಸರಿದು ಕೂತಳು. "ಒಂದ್ಸಲ ಕೂರಿಸಿದ ಕೊಳವೆ ಬಿಚ್ಚಿ ಮತ್ತೆ ಕೂರಿಸಿದ್ರೆ ಎಲ್ಲೋ ಒಂದು ಕಡೆ ಸೋರುತ್ತೆ ಅಕ್ಕ. ಸೋರಿದ ಮನೇಲಿ ಹುಳ ಹೋಗುತ್ತೆ. ಆಮೇಲೆ ಆ ಮನೆಯೋರು ನಮ್ಮನ್ನ ಒಳಗೆ ಬಿಡಲ್ಲ. ಬಿಡಲೂಬಾರ್ದು."

ಯಾರೂ ನಗಲಿಲ್ಲ. ಆಗ ನಾನು ನನ್ನ ಅಭಿಪ್ರಾಯ ಹೇಳಿದೆ. ಹುಳು ಇಲ್ಲದ ಮನೆಗೆ ನಕ್ಷೆಯಂತೆ ನೇರ ಒಲೆ, ಸರ್ಕಾರದ ಪಾಲಿನೊಂದಿಗೆ. ಹುಳುವಿನ ಮನೆಗೆ ಅಡ್ಡ ಕೊಳವೆ, ಪೂರ್ತಿ ಖರ್ಚು ಮನೆಯವರದೇ. ಅಷ್ಟು ಕೊಡಲು ಆಗದಿದ್ದರೆ ಅವರ ಹಳೆಯ ಒಲೆಯೇ ಇರಲಿ. ಕಡಿಮೆಗೆ ಆಗುತ್ತದೆ ಎಂದು ಕೇಳಿದರೂ ಹುಳುಮನೆಗೆ ನೇರ ಕೊಳವೆ ಕಟ್ಟಿಕೊಡುವುದು ಬೇಡ.

"ಪೂರ್ತಿ ದುಡ್ಡು ಕೊಟ್ಟು ಯಾರು ಕಟ್ಟಿಸ್ತಾರೆ?" ಎಂದರು ಗಾರೆ ಅಕ್ಕ.

ಆದರೂ ನನ್ನ ಮಾತನ್ನು ಹಿಂದೆ ತೆಗೆದುಕೊಳ್ಳಬೇಕೆಂದು ಅನ್ನಿಸಲಿಲ್ಲ. ಕೈಯೆತ್ತಿಸಿದೆವು. ಗಾರೆ ಅಕ್ಕನ ಕೈ ಕೊನೆಗೆ ಎದ್ದಿತು, ಆದರೆ ಎಲ್ಲರದಕ್ಕಿಂತ ಎತ್ತರಕ್ಕೆ ಎದ್ದಿತು.

ಸ್ವಲ್ಪ ಕಾಲ ಕೈ ಖಾಲಿಯಾಗಿಯೇ ಇತ್ತು. ಸಂಘದಲ್ಲಿ ನೆನೆಹಾಕಿದ ಮಣ್ಣು ಒಣಗಿ ಬಿರುಕು ಬಿಟ್ಟಿತು. ಆಮೇಲೆ ವೇಮಗಲ್ ಕಡೆಯ ಒಬ್ಬರು ಬಂದು ಅತ್ತೆಯ ಹುಳುಮನೆಯಲ್ಲಿ ಕೂತು, ಕಟ್ಟೆಗೆ ಬೆನ್ನು ಕೊಟ್ಟು ನೋಡಿ, ಬೆಲೆಯ ಬಗ್ಗೆ ಚೌಕಾಸಿ ಕೂಡ ಮಾಡದೆ ಬರಹೇಳಿ ಹೋದರು. ಅವರ ಹಿಂದೆ ಅವರ ಬೀಗರು. ಆ ಬೀಗರ ಹಿಂದೆ ಇನ್ಯಾರೋ. ಆ ಮನೆಗಳ ನಡುವೆಯೇ ಮಾತು ಹರಡಿತು, ನಮ್ಮ ಚಿತ್ರಪಟಗಳಿಂದಲ್ಲ.

ಒಂದು ದಿನ ಮುಳಬಾಗಿಲು ತಾಲ್ಲೂಕಿನ ಗಡಿಯ ಹಳ್ಳಿಯಿಂದ ಕರೆ ಬಂತು. ಎರಡು ದಿನ ಅಲ್ಲೇ ಉಳಿದು ಕಟ್ಟಬೇಕು. ಸೊಸೆ ಇಲ್ಲದೆ ಆಗದ ಕೆಲಸ. ಕೇಳಲು ನಾನೂ ಗಾರೆ ಅಕ್ಕನೂ ಹೋದೆವು. ಅತ್ತೆ ಮೊರದಲ್ಲಿ ಅವರೆಕಾಳು ಕೇರುತ್ತಿದ್ದರು.

"ಒಬ್ಬಳನ್ನೇ ಕಳಿಸಲ್ಲ" ಎಂದರು.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ತಲೆ ತಗ್ಗಿಸಿದಳು. ನಾವು ಇದ್ದೇವಲ್ಲ ಎಂದು ನಾನು ಶುರು ಮಾಡಿದೆ.

"ನೀವಿದ್ದು ಏನ್ ಮಾಡ್ತೀರಿ? ಅವರು ಮಾತಾಡೋದು ತೆಲುಗು. ಇವಳಿಗೆ ಬರಲ್ಲ, ನಿನಗಂತೂ ಮೊದಲೇ ಬರಲ್ಲ. ನಾನು ಆ ಕಡೆಯೋಳು. ನಾನೂ ಬರ್ತೀನಿ." ಮೊರ ಕೆಳಗಿಟ್ಟರು. "ಎಷ್ಟೊತ್ತಿಗೆ ಬಸ್ಸು?"

ಆ ಹಳ್ಳಿಯಲ್ಲಿ ನಮ್ಮ ಸುತ್ತ ಹೆಂಗಸರು ನೆರೆದರು. ಗಾರೆ ಅಕ್ಕ ಅಚ್ಚು ಇಳಿಸಿದರು, ಸೊಸೆ ಸೆರಗು ಕಟ್ಟಿ ಮಣ್ಣಿನ ಗುಡ್ಡೆಯ ಮುಂದೆ ಕೂತಳು. ಅತ್ತೆ ಕೈ ಅಡ್ಡ ಹಿಡಿದು ತಡೆದರು. ಆ ಮನೆಯ ಯಜಮಾನಿಯತ್ತ ತಿರುಗಿ, "ಮೀ ಇಂಟ್ಲೋ ಪುರುಗುಲು ಎಕ್ಕಡ ಮೇಪುತಾರಮ್ಮಾ?" ಎಂದು ಕೇಳಿದರು. ನಿಮ್ಮ ಮನೆಯಲ್ಲಿ ಹುಳು ಎಲ್ಲಿ ಮೇಯಿಸುತ್ತೀರಿ ಎಂದು. ಒಲೆ ಎಲ್ಲಿ ಬೇಕು ಎಂದು ಕೇಳಲಿಲ್ಲ. ಆ ದಿನದಿಂದ ಸಂಘದವರು ಯಾವ ಮನೆಗೆ ಹೋದರೂ ಮೊದಲು ಕೇಳುವ ಪ್ರಶ್ನೆ ಅದೇ ಆಯಿತು.

ಆಕೆ ಹಿತ್ತಲಿನಾಚೆಯ ಒಂಟಿ ಕೋಣೆ ತೋರಿಸಿದಳು. ಅತ್ತೆ ಹೋಗಿ ನಾಲ್ಕೂ ಗೋಡೆ ಮುಟ್ಟಿ ನೋಡಿ, ಬಾಗಿಲಲ್ಲಿ ನಿಂತು ಅಲ್ಲಿಂದ ಅಡುಗೆಮನೆಯವರೆಗಿನ ದೂರವನ್ನು ಕಣ್ಣಲ್ಲೇ ಅಳೆದು ವಾಪಸು ಬಂದರು.

"ಇಲ್ಲಿ ಅಡ್ಡ ಕೊಳವೆ ಬೇಡ ಕಣೇ. ಕೋಣೆ ದೂರ ಐತೆ, ಯಾವ ಒಲೆ ಬಿಸೀನೂ ಮುಟ್ಟಲ್ಲ. ನೇರಾನೇ ಕಟ್ಟು. ಆ ಕೋಣೆ ಚಳಿಗೆ ಬೇರೆ ಏನಾದ್ರೂ ಯೋಚಿಸ್ಬೇಕು."

ಸೊಸೆ ಮಣ್ಣಿಗೆ ನೀರು ಚಿಮುಕಿಸಿದಳು, ತಲೆಯೆತ್ತಲಿಲ್ಲ. "ನೀವು ಯೋಚಿಸಿ ಅತ್ತೆ. ನಾನು ಅಷ್ಟರಲ್ಲಿ ಮಣ್ಣು ಕಲೆಸ್ತೀನಿ."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಆ ಕೋಣೆಯ ಕಡೆಗೆ ಹೊರಟರು.